ಗುಯ್ ಝಿ ಬದಲು ಅಡುಗೆಮನೆ ಚಕ್ಕೆ ಹಾಕಬಹುದಾ?

ನೆಗಡಿ ಜೊತೆ ಚಳಿ ಹಿಡಿದಾಗ ಚೀನೀ ವೈದ್ಯದ ಗುಯ್ ಝಿ ಬದಲು ಮನೆಯ ಚಕ್ಕೆ ನಡೆಯುತ್ತಾ ಅಂತ ಕೇಳಿದ್ದೀರಿ. ನಡೆಯಲ್ಲ. ಎರಡೂ ಕ್ಯಾಸಿಯಾ (ಚೀನೀ ದಾಲ್ಚಿನ್ನಿ) ಮರದ್ದೇ ಇರಬಹುದು, ಆದರೆ ಗುಯ್ ಝಿ ಅಂದರೆ ಒಣಗಿಸಿದ ಎಳೆ ರೆಂಬೆ, ಚಕ್ಕೆ ತೊಗಟೆ. ರೆಂಬೆ ಬೆವರು ಬಿಡಿಸಿ ಮೈಮೇಲಿನ ಚಳಿ ಕಳೆಯುತ್ತದೆ, ತೊಗಟೆ ಒಳಗಿನ ಶೀತಕ್ಕೆ ಎಂಬುದು ಚೀನೀ ವೈದ್ಯರ ಲೆಕ್ಕ. ಮೇಲಾಗಿ ಕ್ಯಾಸಿಯಾ ತೊಗಟೆಯಲ್ಲಿ ಕೂಮರಿನ್ ಎಂಬ ರಾಸಾಯನಿಕ ಜಾಸ್ತಿ; ಗ್ರಾಂಗಟ್ಟಲೆ ದಿನಾ ಕುದಿಸಿ ಕುಡಿದರೆ ಲಿವರ್‌ಗೆ ಪೆಟ್ಟು.

ರೆಂಬೆಯನ್ನೂ ಒಂದನ್ನೇ ಕುದಿಸುವುದು ಕಡಿಮೆ. ಸುಮಾರು 1,800 ವರ್ಷ ಹಿಂದೆ ಚೀನೀ ವೈದ್ಯ ಝಾಂಗ್ ಝೋಂಗ್‌ಜಿಂಗ್ ಬರೆದ ಗುಯ್ ಝಿ ಕಷಾಯದ ಈಗಿನ ಅಳತೆ: ರೆಂಬೆ, ಬಿಳಿ ಪಿಯೋನಿ ಬೇರು, ಹಸಿಶುಂಠಿ ತಲಾ 9 ಗ್ರಾಂ, ಹುರಿದ ಜೇಷ್ಠಮಧು 6 ಗ್ರಾಂ, ಒಣ ಜುಜುಬೆ ಹಣ್ಣು ಮೂರು. ಏಳು ಪಾಲು ನೀರು ಸಣ್ಣ ಉರಿಯಲ್ಲಿ ಮೂರು ಪಾಲಿಗೆ ಇಳಿಯಬೇಕು. ಒಂದು ಪಾಲು ಬೆಚ್ಚಗೆ ಕುಡಿದು, ಸ್ವಲ್ಪ ಹೊತ್ತು ಬಿಟ್ಟು ಬಿಸಿ ತೆಳು ಗಂಜಿ ಕುಡಿದು ಹೊದ್ದು ಮಲಗಬೇಕು. ಎಲ್ಲರೂ ಬಿಡುವುದು ಈ ಗಂಜಿಯನ್ನೇ! ಮೈ ಪಸೆಯಾದರೆ ಸಾಕು, ಬೆವರು ಧಾರೆಯಾಗಿ ಇಳಿದರೆ ನಿತ್ರಾಣ. ಒಂದೇ ಪಾಲಿಗೆ ಗುಣವಾದರೆ ಉಳಿದದ್ದು ಕುಡಿಯಬೇಡಿ.

ಇದು ಚಳಿಯ ಜೊತೆ ಸ್ವಲ್ಪ ಬೆವರೂ ಇರುವವರಿಗೆ. ಬೆವರೇ ಇಲ್ಲದವರಿಗೆ ಹೇಳುವ ಮಾ ಹುವಾಂಗ್ ಎಂಬ ಇನ್ನೊಂದು ಮೂಲಿಕೆಯಲ್ಲಿ ಎಫೆಡ್ರಿನ್ ಇದೆ, ಬಿಪಿ ಏರಿಸುತ್ತದೆ, ಸ್ವಂತಕ್ಕೆ ಮುಟ್ಟಬೇಡಿ. ಬಸುರಿಯರು, ರಕ್ತ ತೆಳು ಮಾಡುವ ಮಾತ್ರೆ ನುಂಗುವವರು ಗುಯ್ ಝಿಯಿಂದಲೂ ದೂರ ಇರಲಿ. ಗಡಗಡ ನಡುಗಿಸುವ ಚಳಿಜ್ವರವಾದರೆ ಮೊದಲು ಮಲೇರಿಯಾ ರಕ್ತಪರೀಕ್ಷೆ ಮಾಡಿಸಿ, ಕಷಾಯ ಆಮೇಲೆ.