ವರದಿ ನೋಡಿ ಊಟ ಬಿಡಿಸಬೇಡಿ

ಧಾರವಾಡದ ತಾಯಿಯೊಬ್ಬರ ಪತ್ರ ಬಂದಿದೆ. ಎಂಟು ತಿಂಗಳ ಮಗಳಿಗೆ ಕೆನ್ನೆ, ಮೊಣಕೈ ಮೇಲೆಲ್ಲ ಇಸುಬು. ಯಾರೋ ಹೇಳಿದರೆಂದು ರಕ್ತ ಪರೀಕ್ಷೆ ಮಾಡಿಸಿದರೆ ಗೋಧಿ, ಶೇಂಗಾ, ಬದನೆಕಾಯಿ ಎಲ್ಲಕ್ಕೂ 'ಪಾಸಿಟಿವ್'. ಎರಡು ವಾರದಿಂದ ಎಲ್ಲ ಬಂದ್. "ಮೂರು ವರ್ಷ ಶೇಂಗಾ ತೋರಿಸಲೇಬೇಡ ಅಂತಾನೆ ಅಮೆರಿಕದಲ್ಲಿರೋ ಅಣ್ಣ. ಏನು ಮಾಡಲಿ?"

ಮೊದಲು ವರದಿಯ ವಿಷಯ. ರಕ್ತದಲ್ಲಿ ಪಾಸಿಟಿವ್ ಬಂತು ಅಂದಮಾತ್ರಕ್ಕೆ ಅಲರ್ಜಿ ಇದೆ ಅಂತಲ್ಲ. ಬೆಂಗಳೂರು, ಮೈಸೂರಿನ ಮಕ್ಕಳನ್ನು ಪರೀಕ್ಷಿಸಿದಾಗಲೂ ಹೀಗೇ ಆಯಿತು: ರಕ್ತದಲ್ಲಿ ಸುಳಿವು ಕಂಡವರು ಬಹಳ, ತಿಂದು ನಿಜಕ್ಕೂ ತೊಂದರೆಯಾದವರು ತೀರಾ ಕಡಿಮೆ. ನಿಮ್ಮ ಮಗಳು ತಿಂಗಳಿಡೀ ಗೋಧಿ ಗಂಜಿ ಕುಡಿದು ಏನೂ ಆಗಿರಲಿಲ್ಲ ಅಂತ ನೀವೇ ಬರೆದಿದ್ದೀರಿ, ಅಲ್ವಾ? ಆ ಒಂದು ಸಾಲು ನಾಲ್ಕು ಪುಟದ ವರದಿಗಿಂತ ದೊಡ್ಡದು. ಇಸುಬಿರುವ ಮಗುವಿಗೆ ಒಗ್ಗಿದ ಆಹಾರವನ್ನು ಸುಮ್ನೆ ಬಿಡಿಸಿದರೆ, ಮುಂದೆ ಕೊಟ್ಟಾಗ ಅದೇ ಮೈಗೆ ಆಗದೆ ಹೋಗಬಹುದು. ಹಾಗಾಗಿ ಗೋಧಿ ಮತ್ತೆ ಶುರು ಮಾಡುವುದನ್ನು ಮಕ್ಕಳ ವೈದ್ಯರನ್ನು ಕೇಳಿ, ತಡ ಮಾಡಬೇಡಿ.

ಅಣ್ಣ ಹೇಳಿದ್ದು ಪೂರ್ತಿ ತಪ್ಪಲ್ಲ, ಹಳೆಯದು. ಅಮೆರಿಕದ ಮಕ್ಕಳ ವೈದ್ಯರ ಸಂಘ 2000ರಲ್ಲಿ ಅಪಾಯ ಜಾಸ್ತಿ ಇರುವ ಮಕ್ಕಳಿಗೆ ಹಾಗೇ ಹೇಳಿತ್ತು, 2008ರಲ್ಲಿ ಕೈಬಿಟ್ಟಿತು. ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಶೇಂಗಾ ಅಲರ್ಜಿ ಇಸ್ರೇಲಿನ ಮಕ್ಕಳಿಗಿಂತ ಹತ್ತು ಪಟ್ಟು ಇರುವುದು ಅದೇ ವರ್ಷ ಗೊತ್ತಾಯಿತು. ಇಸ್ರೇಲಿನ ಕೂಸುಗಳು ವರ್ಷ ತುಂಬುವ ಮೊದಲೇ ಬಾಂಬಾ ಅನ್ನೋ ಶೇಂಗಾ ಕುರುಕಲು ತಿನ್ನುತ್ತವೆ! ಲಂಡನ್ನಿನ ಮಕ್ಕಳ ಅಲರ್ಜಿ ವೈದ್ಯ ಗಿಡಿಯನ್ ಲ್ಯಾಕ್ ತಂಡ ಇದನ್ನೇ ಹಿಡಿದು, ತೀವ್ರ ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಕೂಸುಗಳಲ್ಲಿ ಅರ್ಧಕ್ಕೆ ಶೇಂಗಾ ಕೊಟ್ಟು, ಉಳಿದರ್ಧಕ್ಕೆ ದೂರವಿಟ್ಟು ಐದು ವರ್ಷದವರೆಗೆ ನೋಡಿತು. 2015ರಲ್ಲಿ ಫಲಿತಾಂಶ ಬಂತು. ತಿನ್ನದವರಲ್ಲಿ ನೂರಕ್ಕೆ 17 ಮಕ್ಕಳಿಗೆ ಅಲರ್ಜಿ, ತಿಂದವರಲ್ಲಿ ಬರೀ 3.

ಹಾಗಂತ ಇವತ್ತೇ ಶೇಂಗಾ ಹಿಂಡಿ ಕೊಡಬೇಡಿ. ಆ ಅಧ್ಯಯನದಲ್ಲೂ ಚರ್ಮದ ಪರೀಕ್ಷೆ ಮಾಡಿ, ದೊಡ್ಡ ದದ್ದು ಎದ್ದವರನ್ನು ಸೇರಿಸಿಕೊಳ್ಳಲಿಲ್ಲ. ಇಸುಬು ಜೋರಾಗಿದೆ, ವರದಿಯೂ ಹಾಗಿದೆ, ಆದ್ದರಿಂದ ಮೊದಲ ತುತ್ತು ಆಸ್ಪತ್ರೆಯಲ್ಲೇ ಆಗಲಿ. ವೈದ್ಯರು ಸರಿ ಅಂದರೆ ನುಣ್ಣಗೆ ಅರೆದು ಗಂಜಿಯಲ್ಲಿ ಕಲಸಿ, ವಾರಕ್ಕೆ ಎರಡು ಮೂರು ಸಲ ಕೊಡಿ. ಇಡೀ ಕಾಳು ಬೇಡ, ಗಂಟಲಲ್ಲಿ ಸಿಕ್ಕೀತು.

ಯಾವುದೇ ಆಹಾರ ತಿಂದ ಮೇಲೆ ಉಸಿರು ಕಟ್ಟಿದರೆ, ತುಟಿ ಊದಿ ಮತ್ತೆ ಮತ್ತೆ ವಾಂತಿಯಾದರೆ, ಮಗು ಜೋತುಬಿದ್ದರೆ ಮನೆಮದ್ದು ಮಾಡುತ್ತ ಕೂರಬೇಡಿ. ಆಗ ಬೇಕಾಗುವುದು ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್, ತಕ್ಷಣ.

ಬದನೆಕಾಯಿಯನ್ನೂ ಕೇಳಿಕೊಂಡು ಬನ್ನಿ. ಧಾರವಾಡದಲ್ಲಿ ಎಣ್ಣೆಗಾಯಿ ತಿನ್ನದೆ ಹೇಗೆ ಬೆಳೀತಾಳೆ ಹುಡುಗಿ!