ಕಡಲಿಗೆ ಬೆಲೆ ಕಟ್ಟುವುದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಕರಾವಳಿ ಮತ್ತು ಕಡಲ ಸಂಪತ್ತಿನ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಕರಾವಳಿಗಿಂತ ಬಯಲುಸೀಮೆಯಿಂದಲೇ ಪತ್ರಗಳು ಜಾಸ್ತಿ ಬಂದಿವೆ. ನೋಡಿ ಖುಷಿಯಾಯಿತು. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾವು ಓದುವಾಗ ಭಾರತದ ಕರಾವಳಿ 7,516 ಕಿ.ಮೀ. ಅಂತ ಬಾಯಿಪಾಠ ಮಾಡಿಸಿದ್ದರು. ಈಗ ಮಗಳು ಪರೀಕ್ಷೆಗೆ 11,098 ಅಂತ ಓದುತ್ತಿದ್ದಾಳೆ. ದಡ ಬೆಳೆಯಿತಾ? (ಓದುಗರೊಬ್ಬರು, ಹಾವೇರಿ)

ದಡ ಬೆಳೆದಿಲ್ಲ, ಅಳತೆ ಸೂಕ್ಷ್ಮವಾಗಿದೆ. ಹಳೆಯ ಲೆಕ್ಕ 1970ರ ದಶಕದ್ದು. ಆಗ ಬಳಸಿದ ನಕ್ಷೆಯಲ್ಲಿ ಸಣ್ಣ ಅಳಿವೆ (ನದಿ ಕಡಲು ಸೇರುವ ಜಾಗ), ಕೊಲ್ಲಿ, ನಡುಗಡ್ಡೆಗಳ ಅಂಚು ಕಾಣುತ್ತಲೇ ಇರಲಿಲ್ಲ. ಈಗ ದೊಡ್ಡ ಪ್ರಮಾಣದ ನಕ್ಷೆ ಇಟ್ಟುಕೊಂಡು ಪ್ರತಿ ತಿರುವನ್ನೂ ಅಳೆದಿದ್ದಾರೆ. ಪಶ್ಚಿಮ ಬಂಗಾಳದ ದಡ 157 ಕಿ.ಮೀ. ಇದ್ದದ್ದು 721 ಆಯಿತು, ಗುಜರಾತಿನದು 1,214ರಿಂದ 2,340ಕ್ಕೆ ಹೋಯಿತು. ಕರ್ನಾಟಕದ್ದು 280ರಿಂದ 343.

ಆದರೆ ಉದ್ದ ಹೆಚ್ಚಿದ ಮಾತ್ರಕ್ಕೆ ನಮಗೆ ಸಿಗುವ ಸಮುದ್ರ ಒಂದಿಂಚೂ ಹೆಚ್ಚಾಗುವುದಿಲ್ಲ. ಸಮುದ್ರದ ಹಕ್ಕನ್ನು ದಡದಿಂದ ಹೊರಕ್ಕೆ ಅಳೆಯುತ್ತಾರೆ. ಲಕ್ಷದ್ವೀಪವನ್ನೇ ನೋಡಿ. ಎಲ್ಲ ದ್ವೀಪಗಳ ನೆಲ ಸೇರಿಸಿದರೂ 32 ಚದರ ಕಿ.ಮೀ. ಅಷ್ಟೇ. ಅದರ ಸುತ್ತ ದೇಶಕ್ಕೆ ಸಿಕ್ಕಿರುವ ಕಡಲು ಸುಮಾರು 4 ಲಕ್ಷ ಚದರ ಕಿ.ಮೀ. ನಮ್ಮ ಇಡೀ ರಾಜ್ಯದ ಎರಡು ಪಟ್ಟು!

ಪ್ರಶ್ನೆ: ಸಮುದ್ರ ರಾಜ್ಯದ್ದಾ, ಕೇಂದ್ರದ್ದಾ? ಎಷ್ಟು ದೂರದವರೆಗೆ ನಮ್ಮದು? (ಓದುಗರೊಬ್ಬರು, ತುಮಕೂರು)

ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ. ಒಳಗಿನ ಮೀನುಗಾರಿಕೆ ರಾಜ್ಯದ ಕೈಯಲ್ಲಿದೆ. ನಮ್ಮ ರಾಜ್ಯದಲ್ಲಿ ಅದಕ್ಕೆ 1986ರ ಕಾಯ್ದೆ ಇದೆ. ಅಲ್ಲಿಂದ ಆಚೆ, ದಡದಿಂದ 200 ನಾಟಿಕಲ್ ಮೈಲಿಯವರೆಗೆ (ಸುಮಾರು 370 ಕಿ.ಮೀ.) ದೇಶದ ಆರ್ಥಿಕ ವಲಯ, ಅದು ಕೇಂದ್ರದ್ದು. ಅಲ್ಲಿ ಬೇರೆ ದೇಶದ ಹಡಗು ಹಾದುಹೋಗಬಹುದು, ಆದರೆ ಮೀನು ಹಿಡಿಯುವುದು, ತೈಲ ತೆಗೆಯುವುದು ನಮ್ಮ ಹಕ್ಕು. 1976ರಲ್ಲೇ ಭಾರತ ಇದಕ್ಕೆ ಕಾನೂನು ಮಾಡಿಕೊಂಡಿತು. ಮುಂಬೈನಿಂದ ಸುಮಾರು 160 ಕಿ.ಮೀ. ದೂರದ ಬಾಂಬೆ ಹೈನಲ್ಲಿ ತೈಲ ಹರಿಯಲು ಶುರುವಾದದ್ದೂ ಅದೇ ವರ್ಷ.

ಹೀಗೆ ನಮಗೆ ಬಂದ ಕಡಲು ಸುಮಾರು 20 ಲಕ್ಷ ಚದರ ಕಿ.ಮೀ. ಈ ದೊಡ್ಡ ಸಂಖ್ಯೆ ಕೇಳಿ ಹಿಗ್ಗುವವರಿಗೆ ಒಂದು ಮಾತು. ಮೀನಿನ ಮಟ್ಟಿಗೆ ಕಡಲಿನ ಶ್ರೀಮಂತಿಕೆ ಎಲ್ಲ ಕಡೆ ಸಮವಾಗಿ ಹರಡಿಲ್ಲ. ಅದರ ಬಹುಪಾಲು ದಡಕ್ಕೆ ಹತ್ತಿರದ ಕಿರಿದಾದ ಪಟ್ಟಿಯಲ್ಲಿದೆ: ಅಳಿವೆ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಆಳವಿಲ್ಲದ ನೀರು. ನಾವು ಅತಿ ಜಾಸ್ತಿ ಹಾಳು ಮಾಡುತ್ತಿರುವುದೂ ಆ ಪಟ್ಟಿಯನ್ನೇ. ಮುಂದಿನ ಉತ್ತರಗಳಲ್ಲೂ ಇದೇ ಮಾತು ಮತ್ತೆ ಮತ್ತೆ ಬರುತ್ತದೆ, ಬೇಸರಿಸಬೇಡಿ.

ಪ್ರಶ್ನೆ: ಕರಾವಳಿಯೇ ಇಲ್ಲದ ದೇಶಗಳ ಗತಿ ಏನು? (ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ)

ಬದುಕುತ್ತವೆ, ಆದರೆ ದುಬಾರಿ ಬೆಲೆ ತೆತ್ತು. 1993ರಲ್ಲಿ ಎರಿಟ್ರಿಯಾ ಬೇರೆಯಾದಾಗ ಇಥಿಯೋಪಿಯಾ ತನ್ನ ಇಡೀ ದಡ ಕಳೆದುಕೊಂಡಿತು. ಇವತ್ತು ಅದರ ವ್ಯಾಪಾರ ಹೆಚ್ಚುಕಮ್ಮಿ ಪೂರ್ತಿಯಾಗಿ ಪಕ್ಕದ ಪುಟ್ಟ ಜಿಬೂಟಿಯ ಬಂದರನ್ನೇ ನಂಬಿದೆ. ಬೊಲಿವಿಯಾ ಚಿಲಿಯ ಜೊತೆಗಿನ ಯುದ್ಧದಲ್ಲಿ ದಡ ಕಳೆದುಕೊಂಡು 140 ವರ್ಷ ದಾಟಿತು. ಈಗಲೂ ಪ್ರತಿ ಮಾರ್ಚ್ 23ಕ್ಕೆ ಅಲ್ಲಿ ಸಮುದ್ರ ದಿನ ಆಚರಿಸುತ್ತಾರೆ, ಟಿಟಿಕಾಕಾ ಸರೋವರದಲ್ಲಿ ನೌಕಾಪಡೆ ಇಟ್ಟುಕೊಂಡಿದ್ದಾರೆ. 2018ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲೂ ಅವರಿಗೆ ಸೋಲಾಯಿತು. ಅಷ್ಟಾದರೂ ಆಸೆ ಬಿಟ್ಟಿಲ್ಲ.

ಪ್ರಶ್ನೆ: ನಾನು ಬೋಟಿನಲ್ಲಿ ದುಡಿಯುವವನು. ಜೂನ್-ಜುಲೈ ಎರಡು ತಿಂಗಳು ದುಡಿಮೆ ಬಿಟ್ಟು ಮನೆಯಲ್ಲಿ ಕೂರುತ್ತೇವೆ. ಆದರೂ ಕೆಲವು ವರ್ಷ ಬೂತಾಯಿ, ಬಂಗುಡೆ ಕಾಣಲಿಕ್ಕೇ ಸಿಗುವುದಿಲ್ಲ. ಹಾಗಾದರೆ ಈ ರಜೆ ಯಾಕೆ? (ಓದುಗರೊಬ್ಬರು, ಕುಂದಾಪುರ)

ಅಣ್ಣಾ, ನಿಮ್ಮ ಸಿಟ್ಟು ನ್ಯಾಯವಾದದ್ದು. ಇದಕ್ಕೆ ಸ್ವಲ್ಪ ಬಿಡಿಸಿ ಉತ್ತರಿಸಬೇಕು.

ರಜೆ ಬೇಕೇ ಬೇಕು. ಮಳೆಗಾಲದಲ್ಲಿ ಬೀಸುವ ಗಾಳಿ ನಮ್ಮ ದಡದ ಮೇಲ್ಪದರದ ನೀರನ್ನು ಆಚೆ ತಳ್ಳುತ್ತದೆ, ಆ ಜಾಗಕ್ಕೆ ಆಳದ ತಣ್ಣನೆ ನೀರು ಮೇಲೆ ಬರುತ್ತದೆ, ಜೊತೆಗೆ ತಳದಲ್ಲಿ ಸೇರಿಕೊಂಡ ಸತ್ವವನ್ನೂ ತರುತ್ತದೆ. ಬಿಸಿಲು ತಾಗಿದ್ದೇ ತಡ ಕಣ್ಣಿಗೆ ಕಾಣದ ಪಾಚಿ ನೀರೆಲ್ಲ ತುಂಬಿಕೊಳ್ಳುತ್ತದೆ. ಬೂತಾಯಿಗೆ ಅದೇ ಊಟ. ಅದು ಮೊಟ್ಟೆ ಇಡುವುದೂ ಹೆಚ್ಚಾಗಿ ಇದೇ ಹೊತ್ತಿಗೆ. ಕೇರಳದಿಂದ ನಮ್ಮ ಕಾರವಾರದವರೆಗಿನ ದಡ ಇಷ್ಟು ಮೀನು ಕೊಡುವುದು ಹೀಗೆ ಆಳದ ನೀರು ಮೇಲೆ ಬರುವುದರಿಂದ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ತಾಯಿಮೀನನ್ನು ಉಳಿಸುತ್ತದೆ.

ಮರಿಯನ್ನು ಉಳಿಸುವುದಿಲ್ಲ. ತೊಂದರೆ ಇರುವುದೇ ಇಲ್ಲಿ. ಆಗಸ್ಟ್‌ನಲ್ಲಿ ಬೋಟುಗಳೆಲ್ಲ ಒಟ್ಟಿಗೆ ಕಡಲಿಗಿಳಿಯುವಾಗ ಮೊಟ್ಟೆಯೊಡೆದು ಬಂದ ಮರಿಗಳು ಇನ್ನೂ ಬೆರಳುದ್ದ. ದಡದ ಹತ್ತಿರ ಹಿಂಡು ಕಟ್ಟಿಕೊಂಡಿರುತ್ತವೆ. ಸಣ್ಣ ಕಣ್ಣಿನ ಬಲೆಗೆ ತಾಯಿ ಯಾವುದು, ಮರಿ ಯಾವುದು?

ಧಕ್ಕೆಯಲ್ಲಿ (ಬೋಟು ಬಂದು ನಿಲ್ಲುವ ಕಟ್ಟೆ) ಬೋಟು ಖಾಲಿ ಮಾಡುವುದನ್ನು ನೀವು ದಿನಾ ನೋಡುತ್ತೀರಿ, ಬೇರೆ ಓದುಗರಿಗಾಗಿ ಹೇಳುತ್ತೇನೆ. ಮೊದಲು ಅಂಜಲ್, ಮಾಂಜಿ, ದೊಡ್ಡ ಸಿಗಡಿ ಐಸ್ ಹಾಕಿದ ಬುಟ್ಟಿಗಳಲ್ಲಿ ಇಳಿಯುತ್ತವೆ, ಅವಕ್ಕೆ ಹರಾಜು ಕೂಗುತ್ತಾರೆ. ಆಮೇಲೆ ಬರುವುದು ಬೂದು ಬಣ್ಣದ ರಾಶಿ. ಕೈ ಹಾಕಿ ನೋಡಿದರೆ ಬೆರಳುದ್ದದ ಬಂಗುಡೆ, ಉಗುರಗಲದ ಏಡಿ, ಹೆಸರೇ ಗೊತ್ತಾಗದಷ್ಟು ಎಳೆಯ ಮರಿಗಳು, ಒಂದಕ್ಕೊಂದು ಅಂಟಿ ಮೆತ್ತಗಾಗಿವೆ. ಅದನ್ನು ಯಾರೂ ಕೂಗುವುದಿಲ್ಲ. ಸಲಿಕೆಯಲ್ಲಿ ತುಂಬಿ ಲಾರಿಗೆ ಹಾಕುತ್ತಾರೆ, ಸೀದಾ ಫಿಶ್‌ಮಿಲ್ಲಿಗೆ. ಅಲ್ಲಿ ನಾಲ್ಕೈದು ಕಿಲೋ ಮೀನು ಒಂದು ಕಿಲೋ ಪುಡಿಯಾಗುತ್ತದೆ. ಆರು ತಿಂಗಳು ಬಿಟ್ಟರೆ ಕೈತುಂಬ ಬೆಲೆ ಬರುವ ಮೀನು ಅದು. ಬಿತ್ತನೆ ಬೀಜ ಕುಟ್ಟಿ ತಿಂದ ಹಾಗಲ್ವಾ?

ಬೋಟಿನವರನ್ನು ಮಾತ್ರ ದೂರುವುದು ನನಗೆ ಒಪ್ಪಿಗೆಯಿಲ್ಲ. ಡೀಸೆಲ್, ಐಸ್, ಬಲೆಯ ಸಾಲ, ಕಲಾಸಿಗಳ (ಬೋಟಿನ ಕೆಲಸಗಾರರ) ಪಾಲು ಎಲ್ಲ ಲೆಕ್ಕ ಹಾಕಿದರೆ ಖಾಲಿ ಬರುವುದಕ್ಕಿಂತ ಮರಿಯನ್ನಾದರೂ ತುಂಬಿಕೊಂಡು ಬರೋಣ ಅನ್ನಿಸುವುದು ಸಹಜ. 1970ರ ದಶಕದ ನಡುವಿನಲ್ಲಿ ಮಂಗಳೂರಿಗೆ ಮೀನಿನ ಹಿಂಡನ್ನೇ ಸುತ್ತುಗಟ್ಟುವ ಪರ್ಸೀನ್ ಬಲೆ ಬಂದ ಮೇಲೆ ದಡದಲ್ಲಿ ಹತ್ತಾರು ಜನ ಸೇರಿ ಎಳೆಯುತ್ತಿದ್ದ ರಂಪಣಿ ಬಲೆ ಮೂಲೆ ಸೇರಿತು. ಅಲ್ಲಿಂದ ಇಲ್ಲಿಗೆ ಪ್ರತಿ ಸಲ ಇನ್ನೂ ದೊಡ್ಡ ಎಂಜಿನ್, ಇನ್ನೂ ಜೋರಾದ ಬೆಳಕು. ರಾತ್ರಿ ಭಾರಿ ಲೈಟು ಹಾಕಿ ಮೀನನ್ನು ಕರೆದು ಹಿಡಿಯುವುದನ್ನೂ, ಎರಡು ಬೋಟು ಸೇರಿ ಎಳೆಯುವ ಬುಲ್ ಟ್ರಾಲನ್ನೂ ಕೇಂದ್ರ 2017ರ ನವೆಂಬರ್‌ನಲ್ಲೇ ನಿಷೇಧಿಸಿದೆ. ಬೆಳಕು ಇನ್ನೂ ಆರಿಲ್ಲ ಎಂದು ನಾಡದೋಣಿಯವರು ಇವತ್ತಿಗೂ ಪ್ರತಿಭಟಿಸುತ್ತಿದ್ದಾರೆ.

ಕೇರಳದ ಉದಾಹರಣೆ ನೋಡಿ. 2012ರಲ್ಲಿ ಅಲ್ಲಿ ಸಿಕ್ಕ ಬೂತಾಯಿ ಸುಮಾರು 3.9 ಲಕ್ಷ ಟನ್. 2021ರಲ್ಲಿ 3,297 ಟನ್. ಇದರಲ್ಲಿ ಸಮುದ್ರ ಬಿಸಿಯಾದದ್ದರ ಪಾಲೂ ಇದೆ, ಅತಿಯಾಗಿ ಹಿಡಿದದ್ದರ ಪಾಲೂ ಇದೆ. ಬಿಸಿಯನ್ನು ಕುಂದಾಪುರದಲ್ಲಿ ಕೂತು ತಡೆಯಲಾಗದು. ಬಲೆಯ ಕಣ್ಣನ್ನು ಹಿಗ್ಗಿಸಬಹುದು. ಹಿಡಿಯಬಹುದಾದ ಕನಿಷ್ಠ ಅಳತೆಯನ್ನು ದೇಶದಲ್ಲಿ ಮೊದಲು ಕಾನೂನು ಮಾಡಿದ್ದೂ ಕೇರಳವೇ, 2015ರಲ್ಲಿ. ಆದರೆ ಒಂದು ರಾಜ್ಯ ಮಾಡಿದರೆ ಸಾಲದು. ಮೀನು ಕೇರಳ ಗಡಿಯ ತಲಪಾಡಿ ಗೇಟಿನ ಹತ್ತಿರ ನಿಲ್ಲುವುದಿಲ್ಲ. ಕೇರಳ, ಕರ್ನಾಟಕ, ಗೋವಾ ಮೂರೂ ಒಂದೇ ಅಳತೆ ಇಟ್ಟು, ಧಕ್ಕೆಯಲ್ಲೂ ಫಿಶ್‌ಮಿಲ್ಲಿನ ಬಾಗಿಲಲ್ಲೂ ತಪಾಸಣೆ ಮಾಡಬೇಕು. ಮರಿಮೀನಿಗೆ ಕೊಳ್ಳುವವರೇ ಇಲ್ಲದಿದ್ದರೆ ಯಾರೂ ಹಿಡಿಯುವುದಿಲ್ಲ.

ಪ್ರಶ್ನೆ: ಭಾರತದ ಸೀಫುಡ್ ರಫ್ತು 60 ಸಾವಿರ ಕೋಟಿ ದಾಟಿದೆ ಎಂದು ಓದಿದೆ. ಅಂದರೆ ನಮ್ಮ ಸಮುದ್ರ ಚೆನ್ನಾಗಿದೆ ಅಂತಲೇ ಅಲ್ವಾ? (ಓದುಗರೊಬ್ಬರು, ಬೆಂಗಳೂರು)

ಅಲ್ಲ. 2023-24ರಲ್ಲಿ ರಫ್ತು 60,523 ಕೋಟಿ ರೂಪಾಯಿ, ಸರಿ. ಅದರಲ್ಲಿ ಮೂರನೇ ಎರಡು ಭಾಗ ಶೀತಲೀಕರಿಸಿದ ಸಿಗಡಿ. ಆ ಸಿಗಡಿಯಲ್ಲಿ ಬಹುಪಾಲು ಬರುವುದು ಕೊಳಗಳಿಂದ, ಅದರಲ್ಲೂ ಆಂಧ್ರದ ಕೊಳಗಳಿಂದ. ಆ ಕೊಳದ ಸಿಗಡಿಗೆ ಹಾಕುವ ಮೇವಿನಲ್ಲಿ ಮೀನುಪುಡಿ ಇರುತ್ತದೆ. ಮೇಲೆ ಹೇಳಿದ ಬೂದು ರಾಶಿ ನೆನಪಿದೆಯಲ್ಲ, ಅದು ಹೋಗುವ ದಾರಿಗಳಲ್ಲಿ ಇದೂ ಒಂದು. ಹಾಗಾಗಿ ರಫ್ತಿನ ಸಂಖ್ಯೆ ನೋಡಿ ಕಡಲಿನ ಆರೋಗ್ಯ ಅಳೆಯಬೇಡಿ.

ಪ್ರಶ್ನೆ: 2025ರ ಮೇನಲ್ಲಿ ನಮ್ಮ ಕೇರಳದ ಕಡಲಲ್ಲಿ ಹಡಗು ಮುಳುಗಿತಲ್ಲ, ಸರ್ಕಾರ ಸಾವಿರಾರು ಕೋಟಿ ಪರಿಹಾರ ಕೇಳಿದೆ. ಅಷ್ಟು ದೊಡ್ಡ ಮೊತ್ತ ಹೇಗೆ ಬಂತು? (ಓದುಗರೊಬ್ಬರು, ಕಾಸರಗೋಡು)

ಮೇ 25ರಂದು ಮುಳುಗಿದ ಎಂಎಸ್‌ಸಿ ಎಲ್ಸಾ 3 ಹಡಗಿನಲ್ಲಿ 640ರಷ್ಟು ಕಂಟೇನರ್‌ಗಳಿದ್ದವು. ಕೆಲವದರಲ್ಲಿ ನೀರು ತಾಗಿದರೆ ಉರಿಯುವ ಅನಿಲ ಬಿಡುವ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ಸಾಬಕ್ಕಿಯಂಥ ಬಿಳಿ ಪ್ಲಾಸ್ಟಿಕ್ ಕಾಳುಗಳು ತಿರುವನಂತಪುರದ ದಡದವರೆಗೂ ಬಂದು ಬಿದ್ದವು. ಅವನ್ನು ಮರಳಿನಿಂದ ಆರಿಸಿ ತೆಗೆಯಲು ಜನ ಜರಡಿ ಹಿಡಿದು ಕೂರಬೇಕಾಯಿತು.

ಕೇರಳ ಹೈಕೋರ್ಟಿನಲ್ಲಿ ಕೇಳಿದ್ದು 9,531 ಕೋಟಿ. ಅದನ್ನು ಬಿಡಿಸಿ ನೋಡಿ: ಮೀನುಗಾರರಿಗೆ ಆದ ನಷ್ಟ ಸುಮಾರು 526 ಕೋಟಿ, ಶುಚಿ ಮಾಡಿ ಸರಿಪಡಿಸಲು 378 ಕೋಟಿ, ಉಳಿದ 8,626 ಕೋಟಿ ಪರಿಸರಕ್ಕೆ ಆದ ಹಾನಿ. ಇದು ಸರ್ಕಾರ ಕೇಳಿದ ಮೊತ್ತ, ಕೋರ್ಟು ಒಪ್ಪಿ ಕೊಡಿಸಿದ್ದಲ್ಲ. ಆದರೂ ನನಗೆ ಇದು ಮುಖ್ಯ ಅನ್ನಿಸುತ್ತದೆ. ಬಲೆಗೆ ಬಿದ್ದ ಮೀನಿನ ಬೆಲೆಗಿಂತ, ಮೀನು ಹುಟ್ಟಿಸುವ ಆ ನೀರಿನ ಬೆಲೆ ಹದಿನಾರು ಪಟ್ಟು ಎಂದು ಒಂದು ಸರ್ಕಾರವೇ ಕೋರ್ಟಿನಲ್ಲಿ ಬರೆದುಕೊಟ್ಟಿದೆ. ಹಡಗಿನ ಕಂಪನಿಯ ಮುಂದೆ ಹೇಳಿದ ಈ ಲೆಕ್ಕವನ್ನು ನಮ್ಮದೇ ಯೋಜನೆಗಳಿಗೆ ಒಪ್ಪಿಗೆ ಕೊಡುವಾಗಲೂ ಸರ್ಕಾರಗಳು ಹಾಕಬೇಕು.

ಪ್ರಶ್ನೆ: ಬಂದರು ಬಂದರೆ ಊರಿಗೆ ಕೆಲಸ ಸಿಗುತ್ತದೆ. ಉತ್ತರ ಕನ್ನಡದಲ್ಲಿ ಯಾಕೆ ಇಷ್ಟು ವಿರೋಧ? (ಓದುಗರೊಬ್ಬರು, ಶಿವಮೊಗ್ಗ)

ಬಂದರು ಬೇಡ ಅಂತ ನಾನು ಹೇಳುವುದಿಲ್ಲ. ಪಣಂಬೂರಿನ ನವಮಂಗಳೂರು ಬಂದರು ಇಲ್ಲದಿದ್ದರೆ ನಿಮ್ಮ ಮನೆಯ ಗ್ಯಾಸ್ ಸಿಲಿಂಡರೂ ಕಷ್ಟ, ಚಿಕ್ಕಮಗಳೂರಿನ ಕಾಫಿ ಹೊರಗೆ ಹೋಗುವುದೂ ಕಷ್ಟ. ಪ್ರಶ್ನೆ ಇರುವುದು ಎಲ್ಲಿ ಕಟ್ಟುತ್ತೇವೆ ಎಂಬುದರ ಬಗ್ಗೆ.

ಕುಮಟಾ ಹತ್ತಿರದ ಅಘನಾಶಿನಿ ಅಳಿವೆಗೆ ಇಳಿತದ ಹೊತ್ತಿಗೆ ಹೋಗಿ ನೋಡಿ. ನೀರು ಹಿಂದೆ ಸರಿದ ಕೂಡಲೇ ಹೆಂಗಸರು, ಗಂಡಸರು ಬುಟ್ಟಿ ಹಿಡಿದು ಕೆಸರಿಗಿಳಿಯುತ್ತಾರೆ. ಸೊಂಟದವರೆಗಿನ ನೀರಿನಲ್ಲಿ ಬಗ್ಗಿ ಕೈಯಿಂದಲೇ ಬಳಚು (ಚಿಪ್ಪುಮೀನು) ತಡಕಿ ತೆಗೆಯುತ್ತಾರೆ. ಬೋಟು ಬೇಡ, ಡೀಸೆಲ್ ಬೇಡ, ಸಾಲ ಬೇಡ. ಸಾವಿರಾರು ಮನೆಗಳಿಗೆ ಇದೇ ದುಡಿಮೆ. ಪಕ್ಕದ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತಿದ್ದರು, ಈಗ ಅದು ಬಹಳ ಕಮ್ಮಿಯಾಗಿದೆ. ಸಾಣಿಕಟ್ಟಾದಲ್ಲಿ ಉಪ್ಪು. ಕಾಂಡ್ಲಾ ಗಿಡಗಳ ಬೇರಿನ ನಡುವೆ ಮರಿಮೀನು, ಮರಿಸಿಗಡಿ ಬೆಳೆದು ಆಮೇಲೆ ಕಡಲಿಗೆ ಹೋಗುತ್ತವೆ. ಅಣೆಕಟ್ಟು ಕಾಣದ ನದಿ ಆದ್ದರಿಂದ ಸಿಹಿನೀರು, ಉಪ್ಪುನೀರಿನ ಹದ ಇನ್ನೂ ಉಳಿದಿದೆ. 2024ರಲ್ಲಿ ಇದು ಜಗತ್ತಿನ ಮುಖ್ಯ ಜೌಗುಭೂಮಿಗಳ ರಾಮ್‌ಸರ್ ಪಟ್ಟಿಗೂ ಸೇರಿತು.

ಇಲ್ಲಿ ಹೂಳೆತ್ತಿ ಹಡಗು ತಂದರೆ ಒಂದಷ್ಟು ಜನಕ್ಕೆ ಸಂಬಳ ಸಿಗಬಹುದು. ಬಳಚು ತೆಗೆಯುವ ಹೆಂಗಸಿಗೆ ಅಲ್ಲಿ ಯಾವ ಕೆಲಸ? ಅವಳ ದುಡಿಮೆ ಯಾವ ಯೋಜನಾ ವರದಿಯಲ್ಲೂ ಆದಾಯ ಅಂತ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಕಳೆದುಹೋದಾಗ ನಷ್ಟ ಅಂತಲೂ ಬರುವುದಿಲ್ಲ. ಇರುವ ಬಂದರುಗಳನ್ನೇ ಸರಿಯಾಗಿ ಬಳಸಿ, ಅಳಿವೆಗಳನ್ನು ಬಿಟ್ಟುಬಿಡಿ. ಇದು ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ: ಸಮುದ್ರದ ತಳದ ಮರಳನ್ನೂ ಹರಾಜಿಗೆ ಇಟ್ಟಿದ್ದಾರಂತೆ, ನಿಜವೇ? (ಓದುಗರೊಬ್ಬರು, ಉಡುಪಿ)

ನಿಜ. 2023ರಲ್ಲಿ ಕಾಯ್ದೆ ತಿದ್ದುಪಡಿ ಮಾಡಿ, 2024ರ ನವೆಂಬರ್‌ನಲ್ಲಿ ಕೇಂದ್ರ 13 ಬ್ಲಾಕ್‌ಗಳನ್ನು ಹರಾಜಿಗೆ ಇಟ್ಟಿತು. ಮೂರು ಕೊಲ್ಲಂ ಎದುರಿನ ಮರಳು, ಮೂರು ಗುಜರಾತಿನ ಸುಣ್ಣದ ಕೆಸರು, ಏಳು ಗ್ರೇಟ್ ನಿಕೋಬಾರ್ ಹತ್ತಿರದ ಲೋಹದ ಗಟ್ಟಿಗಳು. ಆ ಸುತ್ತಿನಲ್ಲಿ ಕರ್ನಾಟಕದ್ದು ಇರಲಿಲ್ಲ. ಕೊಲ್ಲಂ ಎದುರಿನ ಕಡಲು ಒಳ್ಳೆಯ ಮೀನಿನ ಜಾಗ, ಅದಕ್ಕೇ ಕೇರಳದ ಮೀನುಗಾರರು 2025ರ ಫೆಬ್ರವರಿಯಲ್ಲಿ ಇಡೀ ಕರಾವಳಿ ಬಂದ್ ಮಾಡಿದರು. ಅವರ ಭಯ ಸರಿಯಾದದ್ದೇ.

ಪ್ರಶ್ನೆ: ನಾವು ಮೀನು ತಿನ್ನುವವರು, ಸಮುದ್ರದಿಂದ ದೂರ ಇರುವವರು. ಅಂಗಡಿಯಲ್ಲಿ ಮರಿಮೀನು ಅಂತ ಗುರುತಿಸುವುದು ಹೇಗೆ? (ಗೃಹಿಣಿ, ಮೈಸೂರು)

ಸುಲಭ ಇದೆ. ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸೂಚಿಸಿದ ಕನಿಷ್ಠ ಉದ್ದ ಬಂಗುಡೆಗೆ 14 ಸೆಂ.ಮೀ., ಬೂತಾಯಿಗೆ 10 ಸೆಂ.ಮೀ. ಬಾಲ್‌ಪೆನ್ನು ಹೆಚ್ಚುಕಮ್ಮಿ 14 ಸೆಂ.ಮೀ. ಇರುತ್ತದೆ, ಬಂಗುಡೆ ಅದಕ್ಕಿಂತ ಚಿಕ್ಕದಿದ್ದರೆ ಬಿಟ್ಟುಬಿಡಿ. ಇವು ಕನಿಷ್ಠ ಅಳತೆ ಮಾತ್ರ, ಇದಕ್ಕಿಂತ ದೊಡ್ಡದನ್ನೇ ಆರಿಸಿದರೆ ಇನ್ನೂ ಒಳ್ಳೆಯದು. ಕೊಳುವೆ ಮೀನು (ನೆತ್ತೋಲಿ) ಹುಟ್ಟಾ ಸಣ್ಣದು, ಅದನ್ನು ಮರಿ ಅಂದುಕೊಳ್ಳಬೇಡಿ, ಧಾರಾಳವಾಗಿ ತಗೊಳ್ಳಿ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಸ್ವಲ್ಪ ಜಾಸ್ತಿ ಗಮನಿಸಿ, ಮರಿ ಬರುವುದು ಆಗಲೇ.