ಕುಕೀಸ್ 'ಅಕ್ಸೆಪ್ಟ್ ಆಲ್' ಒತ್ತಿದರೆ ನಿಜವಾಗಿ ಏನಾಗುತ್ತದೆ?

ಬೇರೆಯವರಿಗೂ ಗೊತ್ತಾಗಲಿ ಅಂತ ನಿಮ್ಮ ಪ್ರಶ್ನೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಗೋಕರ್ಣದಲ್ಲಿ ಉಳಿಯಲು ಹೋಂಸ್ಟೇ ಹುಡುಕಿದಿರಿ. ಒಂದು ಸೈಟಿನಲ್ಲಿ ಕುಕೀಗೆ ಒಪ್ಪಿಗೆ ಕೇಳುವ ಪಟ್ಟಿ ಬಂದಾಗ 'ಅಕ್ಸೆಪ್ಟ್ ಆಲ್' ಒತ್ತಿದಿರಿ. ಆಮೇಲೆ ಅಡಿಕೆ ದರ ನೋಡಲು ಹೋದರೂ ಅದೇ ಹೋಂಸ್ಟೇಯ ಜಾಹೀರಾತು. ಫೋನ್ ನಂಬರೂ ಅವರ ಕೈಗೆ ಹೋಯಿತಾ, 'ರಿಜೆಕ್ಟ್' ಒತ್ತಿದ್ದರೆ ಸೈಟ್ ತೆರೆಯುತ್ತಿತ್ತಾ, ಈಗ ಏನು ಮಾಡಲಿ ಅಂತ ಕೇಳಿದ್ದೀರಿ.

ಕುಕೀ ಅಂದರೆ ಸೈಟ್ ನಿಮ್ಮ ಬ್ರೌಸರಿನಲ್ಲಿ ಇಡುವ ಸಣ್ಣ ಬರಹ. ಅದಕ್ಕೆ ನಿಮ್ಮ ಫೋನಿನೊಳಗಿಂದ ನಂಬರ್ ತೆಗೆಯುವ ಶಕ್ತಿ ಇಲ್ಲ. 'ರಿಜೆಕ್ಟ್' ಒತ್ತಿದರೂ ಸೈಟ್ ಸಾಮಾನ್ಯವಾಗಿ ತೆರೆಯುತ್ತದೆ. ಜಾಹೀರಾತು ಬೆನ್ನು ಹತ್ತಿದ್ದು ಮಾತ್ರ ಬಹುತೇಕ ಆ ಒತ್ತಿದ್ದರ ಫಲವೇ.

ನಾನು ಶಿರಸಿಯಲ್ಲಿ ಕೂತು ಘಟ್ಟದ ಮೇಲಿನ, ಕೆಳಗಿನ ಹೋಂಸ್ಟೇಗಳಿಗೆ ಸೈಟ್ ಮಾಡಿಕೊಡುವವನು. ಅಂದರೆ ಕುಕೀ ಹಾಕುವ ಕಡೆಯವನೇ. ಹಾಗಾಗಿ ಒಳಗಿನ ಸಂಗತಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬ್ರೌಸರ್ ಮತ್ತು ಸೈಟ್ ಮಾತಾಡಿಕೊಳ್ಳುವ ಪದ್ಧತಿಗೆ ಎಚ್‌ಟಿಟಿಪಿ ಅನ್ನುತ್ತಾರೆ. ಅದಕ್ಕೆ ನೆನಪಿನ ಶಕ್ತಿಯೇ ಇಲ್ಲ. ಒಂದು ಪುಟ ಕೇಳಿದಿರಿ, ಕೊಟ್ಟಿತು, ಮರೆಯಿತು. ಮುಂದಿನ ಪುಟ ಕೇಳುವಾಗ ನೀವು ಮತ್ತೆ ಹೊಸಬರು. ಹೀಗಾದರೆ ರೂಮ್ ಬುಕ್ ಮಾಡುವುದು ಹೇಗೆ? ತಾರೀಖು ಆರಿಸಿ ಹಣ ಕಟ್ಟುವ ಪುಟಕ್ಕೆ ಹೋಗುವಷ್ಟರಲ್ಲಿ ತಾರೀಖೇ ಮಾಯ. ಇದಕ್ಕೆ 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಎಂಜಿನಿಯರ್ ಲೂ ಮೊಂಟುಲ್ಲಿ ಉಪಾಯ ಕಂಡುಹಿಡಿದರು. ಸೈಟ್ ಒಂದು ಸಣ್ಣ ಬರಹ ಕೊಡುತ್ತದೆ, ಅದೇ ಕುಕೀ. ಬ್ರೌಸರ್ ಅದನ್ನು ಇಟ್ಟುಕೊಂಡು, ಅದೇ ಸೈಟಿಗೆ ಹೋದಾಗಲೆಲ್ಲ ತೋರಿಸುತ್ತದೆ. ಹೆಚ್ಚೆಂದರೆ 4 ಕಿಲೋಬೈಟಿನಷ್ಟು ಅಕ್ಷರ. ಅದು ವೈರಸ್ ಅಲ್ಲ, ಪ್ರೋಗ್ರಾಂ ಕೂಡ ಅಲ್ಲ.

ಜಾತ್ರೆಯಲ್ಲಿ ಚಪ್ಪಲಿ ಬಿಡುವಾಗ ಟೋಕನ್ ಕೊಡುತ್ತಾರಲ್ಲ, ಹಾಗೆ. ಟೋಕನ್ ಮೇಲೆ ನಂಬರ್ ಮಾತ್ರ, ಚಪ್ಪಲಿ ಇರುವುದು ಅವರ ಕಪಾಟಿನಲ್ಲಿ. ಕುಕೀಯೂ ಬಹಳಷ್ಟು ಸಲ ಬರೀ ನಂಬರ್. ನಿಮ್ಮ ಬಗ್ಗೆ ಬರೆದಿಟ್ಟದ್ದೆಲ್ಲ ಅವರ ಸರ್ವರ್‌ನಲ್ಲಿ ಇರುತ್ತದೆ. ಅದಕ್ಕೇ ನೀವು ಕುಕೀ ಅಳಿಸಿದರೂ ಅವರ ಕಡೆಯ ದಾಖಲೆ ಅಳಿಯುವುದಿಲ್ಲ. ಆ ದಾಖಲೆ ನಿಮ್ಮದು ಅಂತ ಗುರುತಿಸುವ ಒಂದು ದಾರಿ ಮುಚ್ಚುತ್ತದೆ, ಅಷ್ಟೇ.

ಕಂಪ್ಯೂಟರ್ ಇದ್ದರೆ ನೀವೇ ನೋಡಬಹುದು. ಕ್ರೋಮ್‌ನಲ್ಲಿ ಯಾವುದಾದರೂ ಹೋಂಸ್ಟೇ ಸೈಟ್ ತೆರೆದು ಎಫ್12 ಒತ್ತಿ. 'ಅಪ್ಲಿಕೇಶನ್' ಅನ್ನುವ ಟ್ಯಾಬ್, ಅದರ ಎಡಗಡೆ 'ಕುಕೀಸ್'. ಅಲ್ಲಿ ಹೆಚ್ಚಾಗಿ 'ಅಂಡರ್‌ಸ್ಕೋರ್ ಜಿಎ' (_ga) ಅನ್ನುವ ಸಾಲು ಸಿಗುತ್ತದೆ. ಅದು ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸ್‌ನದು. ಕೊನೆಯಲ್ಲಿ ಎರಡು ಉದ್ದದ ಅಂಕಿ ಇರುತ್ತವೆ. ಮೊದಲನೆಯದು ಹಾಗೇ ಸುಮ್ನೆ ಹುಟ್ಟಿಸಿದ ನಂಬರ್. ಎರಡನೆಯದು ನೀವು ಆ ಸೈಟಿಗೆ ಮೊದಲ ಸಲ ಬಂದ ಹೊತ್ತು, 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಲ್ಲಿ. ಸೈಟಿನವರು ಬದಲಾಯಿಸದಿದ್ದರೆ ಗೂಗಲ್ ಇದಕ್ಕೆ ಕೇಳುವ ಅವಧಿ 2 ವರ್ಷ, ಆದರೆ ಕ್ರೋಮ್ ಒಂದು ಸಲಕ್ಕೆ 400 ದಿನಕ್ಕಿಂತ ಹೆಚ್ಚು ಅವಧಿ ಕೊಡುವುದಿಲ್ಲ. ಪಕ್ಕದಲ್ಲೇ 'ಅಂಡರ್‌ಸ್ಕೋರ್ ಎಫ್‌ಬಿಪಿ' ಕಂಡರೆ ಅದು ಫೇಸ್‌ಬುಕ್ ಜಾಹೀರಾತಿನದು. ನಿಮ್ಮ ಹೆಸರು, ಊರು ಅಲ್ಲಿ ಎಲ್ಲೂ ಬರೆದಿರುವುದಿಲ್ಲ.

ಹಾಗಾದರೆ ಅಡಿಕೆ ದರದ ಪುಟಕ್ಕೆ ಹೋಂಸ್ಟೇ ಹೇಗೆ ಬಂತು? ಆ ಪುಟದಲ್ಲಿ ಜಾಹೀರಾತಿಗೆ ಖಾಲಿ ಜಾಗ ಬಿಟ್ಟಿರುತ್ತಾರೆ. ಅದನ್ನು ತುಂಬುವುದು ಆ ಸೈಟಿನವರಲ್ಲ, ಜಾಹೀರಾತು ಕಂಪನಿ. ಅದೇ ಕಂಪನಿಯ ಕೋಡು ಹೋಂಸ್ಟೇ ಪುಟದಲ್ಲೂ ಇತ್ತು. ಅಲ್ಲಿ ನಿಮ್ಮ ಬ್ರೌಸರಿಗೆ ಒಂದು ಗುರುತು ಕೊಟ್ಟಿತ್ತು. ಇಲ್ಲಿ ಪುಟ ತೆರೆಯುತ್ತಿದ್ದಂತೆ ಬ್ರೌಸರ್ ಅದೇ ಗುರುತನ್ನು ಅದೇ ಕಂಪನಿಗೆ ತೋರಿಸಿತು. 'ಓ, ಇವರು ಗೋಕರ್ಣದ ರೂಮ್ ನೋಡಿ ಬುಕ್ ಮಾಡದೆ ಹೋದವರು' ಅಂತ ಅದಕ್ಕೆ ಗೊತ್ತಾಯಿತು. ನೀವು ನೋಡುತ್ತಿರುವ ಸೈಟಿನದ್ದಲ್ಲದ ಇಂಥ ಕುಕೀಗೆ ಥರ್ಡ್ ಪಾರ್ಟಿ ಕುಕೀ ಅನ್ನುತ್ತಾರೆ. ನನ್ನ ಪ್ರಕಾರ ತಕರಾರು ಇರಬೇಕಾದದ್ದು ಇದರ ಮೇಲೆ. ಲಾಗಿನ್ ಕುಕೀ, ಭಾಷೆ ನೆನಪಿಡುವ ಕುಕೀ ಇವುಗಳ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ, ಅವಿಲ್ಲದೆ ಕೆಲಸವೇ ನಡೆಯುವುದಿಲ್ಲ.

ಆಪಲ್‌ನ ಸಫಾರಿ 2020ರಲ್ಲೇ ಥರ್ಡ್ ಪಾರ್ಟಿ ಕುಕೀಯನ್ನು ಪೂರ್ತಿ ತಡೆಯಿತು. ಫೈರ್‌ಫಾಕ್ಸ್ 2022ರಿಂದ ಒಂದೊಂದು ಸೈಟಿನ ಕುಕೀಯನ್ನು ಬೇರೆ ಬೇರೆ ಡಬ್ಬಿಯಲ್ಲಿ ಇಡುತ್ತದೆ, ಒಂದರದು ಇನ್ನೊಂದಕ್ಕೆ ಸಿಗದ ಹಾಗೆ. ಕ್ರೋಮ್‌ನ ಕಥೆ ಬೇರೆ. ಎರಡು ವರ್ಷದಲ್ಲಿ ತೆಗೆಯುತ್ತೇವೆ ಅಂತ 2020ರಲ್ಲಿ ಹೇಳಿದ ಗೂಗಲ್, ಮುಂದೂಡುತ್ತಾ ಮುಂದೂಡುತ್ತಾ 2024ರಲ್ಲಿ ಆ ಯೋಚನೆಯನ್ನೇ ಕೈಬಿಟ್ಟಿತು. ಜಾಹೀರಾತಿನಿಂದಲೇ ಬದುಕುವ ಕಂಪನಿ, ಆಶ್ಚರ್ಯವೇನಿಲ್ಲ ಅಲ್ವಾ? ಹಾಗಾಗಿ ಕ್ರೋಮ್‌ನಲ್ಲಿ ಈ ಕೆಲಸ ನೀವೇ ಮಾಡಬೇಕು. ಮೂರು ಚುಕ್ಕೆ ಒತ್ತಿ, ಸೆಟ್ಟಿಂಗ್ಸ್ ಒಳಗೆ 'ಥರ್ಡ್ ಪಾರ್ಟಿ ಕುಕೀಸ್' ಹುಡುಕಿ 'ಬ್ಲಾಕ್' ಮಾಡಿ. ಅಪರೂಪಕ್ಕೆ ಯಾವುದೋ ಲಾಗಿನ್ ಕೈಕೊಟ್ಟರೆ ಆ ಒಂದು ಸೈಟಿಗೆ ಮಾತ್ರ ಬಿಟ್ಟುಕೊಡಬಹುದು. ಹೀಗೆ ಮಾಡಿದರೂ ಮೇಲೆ ಹೇಳಿದ ಜಿಎ, ಎಫ್‌ಬಿಪಿ ಹೋಗುವುದಿಲ್ಲ. ಅವು ಹೊರಗಿನವರ ಕೋಡಿನಿಂದ ಹುಟ್ಟಿದರೂ ಕೂರುವುದು ನೀವಿರುವ ಸೈಟಿನ ಹೆಸರಿನಲ್ಲೇ. ಅವುಗಳಿಗೆ 'ರಿಜೆಕ್ಟ್' ಬಟನ್ನೇ ಬೇಕು.

ಈಗ ಆ ಬಟನ್ ವಿಷಯ. ಒಪ್ಪಿಗೆ ಕೇಳುವ ಈ ಪಟ್ಟಿಗಳು ಶುರುವಾಗಿದ್ದು ಯುರೋಪಿನ ಕಾನೂನಿನಿಂದ. 2018ರ ಮೇ 25ಕ್ಕೆ ಜಿಡಿಪಿಆರ್ ಅನ್ನುವ ಅಲ್ಲಿನ ಡೇಟಾ ರಕ್ಷಣೆಯ ಕಾನೂನು ಜಾರಿಯಾದ ಮೇಲೆ ಜಾಸ್ತಿಯಾದವು. ಒಪ್ಪುವುದು ಒಂದೇ ಒತ್ತಿಗೆ, ನಿರಾಕರಿಸುವುದಕ್ಕೆ ಮಾತ್ರ ನಾಲ್ಕಾರು ಒತ್ತು ಅಂತ ಮಾಡಿದ್ದಕ್ಕೆ ಫ್ರಾನ್ಸ್ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಹಾಕಿದ ಸುದ್ದಿ 2022ರ ಜನವರಿಯಲ್ಲಿ ಬಂತು. ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಆಗಸ್ಟ್ 24ಕ್ಕೆ. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಮೇಲೆ 2023ರಲ್ಲಿ ಡೇಟಾ ರಕ್ಷಣೆಯ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು. ಸೈಟಿನವರ ಮೇಲಿನ ಮುಖ್ಯ ಜವಾಬ್ದಾರಿಗಳಿಗೆ ಆವತ್ತಿನಿಂದ 18 ತಿಂಗಳ ಗಡುವು ಕೊಟ್ಟಿದ್ದಾರೆ. ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಅದರಲ್ಲಿ ನನಗೆ ಇಷ್ಟವಾದ ಒಂದು ಅಂಶ: ಯಾಕೆ ಡೇಟಾ ಬೇಕು ಅನ್ನುವ ನೋಟೀಸನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಓದುವ ಆಯ್ಕೆ ಕೊಡಬೇಕು. ಅಂದರೆ ಕನ್ನಡದಲ್ಲೂ ಕೇಳಬಹುದು, ಕಾರವಾರದವರು ಕೊಂಕಣಿಯಲ್ಲೂ ಕೇಳಬಹುದು.

ಆದರೆ ನಮ್ಮ ಕಡೆಯ ಎಷ್ಟೋ ಸೈಟುಗಳಲ್ಲಿ ಈ ಪಟ್ಟಿ ಬರೀ ಅಲಂಕಾರ. ನೀವು ಏನೂ ಒತ್ತುವ ಮೊದಲೇ ಕುಕೀ ಬಿದ್ದಿರುತ್ತದೆ. ಪರೀಕ್ಷೆ ಸುಲಭ: ಇನ್‌ಕಾಗ್ನಿಟೋದಲ್ಲಿ (ಹಳೆಯ ಕುಕೀ ಇಲ್ಲದ ಹೊಸ ಕಿಟಕಿ) ಸೈಟ್ ತೆರೆದು, ಪಟ್ಟಿಯನ್ನು ಮುಟ್ಟದೆ ಎಫ್12 ನೋಡಿ. ಜಿಎ ಆಗಲೇ ಕೂತಿದ್ದರೆ ಆ ಬಟನ್ ತೋರಿಕೆಗೆ ಅಂತ ಅರ್ಥ. ಇದರಲ್ಲಿ ಮಾಲೀಕರ ಕುತಂತ್ರ ಇರುತ್ತದೆ ಅಂತ ನಾನು ಹೇಳಲಾರೆ. ಪಾಪ, ಅವರಿಗೆ ಗೊತ್ತೇ ಇರುವುದಿಲ್ಲ. ಒಂದು ರೆಡಿಮೇಡ್ ಥೀಮ್, ಜಲಪಾತದ ಯೂಟ್ಯೂಬ್ ವಿಡಿಯೋ, ದಾರಿ ತೋರಿಸಲು ಮ್ಯಾಪ್, ಯಾರೋ ಹೇಳಿದರು ಅಂತ ಫೇಸ್‌ಬುಕ್ ಕೋಡು. ಒಂದೊಂದೂ ತನ್ನ ಬಳಗವನ್ನು ಕರೆದುಕೊಂಡೇ ಬರುತ್ತದೆ. ಪ್ರೈವೆಸಿ ಪಾಲಿಸಿ ಅಂತೂ ಎಲ್ಲಿಂದಲೋ ನಕಲು ಮಾಡಿದ್ದು. ಅಘನಾಶಿನಿ ದಡದ ಹೋಂಸ್ಟೇ ಸೈಟಿನಲ್ಲಿ ಕ್ಯಾಲಿಫೋರ್ನಿಯಾ ನಿವಾಸಿಗಳ ಹಕ್ಕುಗಳನ್ನು ಓದಿ ನಕ್ಕಿದ್ದೇನೆ.

ನಾನು ಮಾಡುವ ಸೈಟುಗಳಲ್ಲಿ ವಿಡಿಯೋ ಜಾಗದಲ್ಲಿ ಒಂದು ಫೋಟೋ ಇಡುತ್ತೇನೆ, ಒತ್ತಿದ ಮೇಲೆ ಮಾತ್ರ ಯೂಟ್ಯೂಬ್. ಮ್ಯಾಪಿಗೆ ಬರೀ ಲಿಂಕ್. ಗ್ರಾಹಕರು ಒಪ್ಪಲಿ ಅಂತ ಖಾಸಗಿತನದ ಭಾಷಣ ಮಾಡುವುದಿಲ್ಲ, ಮಳೆಗಾಲದಲ್ಲಿ ಯಾಣದ ಕಡೆಯ ನೆಟ್‌ವರ್ಕಿನಲ್ಲೂ ಪುಟ ಬೇಗ ತೆರೆಯುತ್ತದೆ ಅನ್ನುತ್ತೇನೆ. ಅದೂ ನಿಜವೇ.

ಜಾಹೀರಾತಿಗಿಂತ ಹೆದರಬೇಕಾದದ್ದು ಇನ್ನೊಂದಿದೆ. ಲಾಗಿನ್ ಆದ ಮೇಲೆ ಕೊಡುವ ಕುಕೀ ಯಾರ ಕೈಗೆ ಸಿಕ್ಕರೂ, ಅದರ ಅವಧಿ ಮುಗಿಯುವವರೆಗೆ ಸೈಟಿನ ಪಾಲಿಗೆ ಅವರೇ ನೀವು. ಪಾಸ್‌ವರ್ಡ್, ಒಟಿಪಿ ಎರಡೂ ದಾಟಿ ಆಗಿರುತ್ತದಲ್ಲ, ಮತ್ತೆ ಕೇಳುವುದಿಲ್ಲ. ಒಳ್ಳೆಯ ಸೈಟುಗಳು ಇದಕ್ಕೆ ಕಟ್ಟುಪಾಡು ಹಾಕಿರುತ್ತವೆ: ಪುಟದೊಳಗಿನ ಸ್ಕ್ರಿಪ್ಟ್ ಅದನ್ನು ಓದುವಂತಿಲ್ಲ, ಎಚ್‌ಟಿಟಿಪಿಎಸ್, ಅಂದರೆ ದಾರಿಯಲ್ಲಿ ಬೇರೆಯವರು ಓದಲಾಗದ ಎಚ್‌ಟಿಟಿಪಿ, ಇಲ್ಲದೆ ಕಳಿಸುವಂತಿಲ್ಲ. ಆದರೆ ಕಂಪ್ಯೂಟರಿಗೇ ಕಳ್ಳ ಸಾಫ್ಟ್‌ವೇರ್ ಹೊಕ್ಕಿದ್ದರೆ ಇದ್ಯಾವುದೂ ನಿಲ್ಲುವುದಿಲ್ಲ. ಕಾರವಾರದ ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿ ವಿಂಡೋ ಮುಚ್ಚಿ ಎದ್ದು ಬರುವವರು ಬಹಳ ಜನ. ಮುಚ್ಚಿದರೆ ಸಾಲದು, ಲಾಗ್ ಔಟ್ ಒತ್ತಬೇಕು.

ನಿಮ್ಮ ನಂಬರಿಗೆ ಬರೋಣ. ರೂಮ್ ಖಾಲಿ ಇದೆಯಾ ಅಂತ ಕೇಳಲು ಫಾರ್ಮ್ ತುಂಬಿದ್ದರೆ, ವಾಟ್ಸಾಪ್ ಬಟನ್ ಒತ್ತಿ ಮೆಸೇಜ್ ಕಳಿಸಿದ್ದರೆ ನಂಬರ್ ಅಲ್ಲಿಂದ ಹೋಗಿದೆ. ಅದಕ್ಕೂ ಕುಕೀಗೂ ಸಂಬಂಧವಿಲ್ಲ. ಅಳಿಸಿ ಅಂತ ಅವರಿಗೆ ನೇರವಾಗಿ ಬರೆದು ಕೇಳಿ. ಜಾಹೀರಾತಿಗೆ ಸದ್ಯಕ್ಕೆ ಇಷ್ಟು ಮಾಡಿ: ಥರ್ಡ್ ಪಾರ್ಟಿ ಬ್ಲಾಕ್ ಮಾಡಿ, ಬ್ರೌಸರಿನ ಕುಕೀಗಳನ್ನು ಒಮ್ಮೆ ಅಳಿಸಿ. ಎಲ್ಲ ಕಡೆ ಮತ್ತೆ ಲಾಗಿನ್ ಆಗಬೇಕಾಗುತ್ತದೆ, ಪಾಸ್‌ವರ್ಡ್ ಮೊದಲೇ ನೋಡಿಟ್ಟುಕೊಳ್ಳಿ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಒಳಗೆ 'ಆಡ್ಸ್' ಹುಡುಕಿ ಅಡ್ವರ್ಟೈಸಿಂಗ್ ಐಡಿ ಅಳಿಸಿ. ಆ್ಯಪ್‌ಗಳು ಜಾಹೀರಾತಿಗೆ ಗುರುತು ಹಿಡಿಯಲು ಬಳಸುವುದು ಅದನ್ನು. ಇಷ್ಟಾದ ಮೇಲೂ ಜಾಹೀರಾತು ನಿಲ್ಲುವುದಿಲ್ಲ. ಹೋಂಸ್ಟೇ ಹೋಗಿ ಅಡಿಕೆ ಸುಲಿಯುವ ಮಷಿನ್ ಬಂದೀತು. ನೀವಿರುವ ಪುಟ ಅಡಿಕೆ ದರದ್ದು, ಅದನ್ನು ನೋಡಿ ಜಾಹೀರಾತು ಹಾಕಲು ಯಾವ ಕುಕೀಯೂ ಬೇಡ.